ಮಕರ್ ಹಡಗಿನ ರಿಮೋಟ್ ಮಾಡೆಲ್ಲು ಕೊನೆಗೂ ಕೆರೆ ಆಳ ಅಳೀತು – ನನ್ನ ಅನುಭವ

"ಎರಡು ಹೊಟ್ಟೆ ಹಡಗು ರಿಮೋಟಲ್ಲಿ ತಿರುಗಲ್ಲ ಗುರು, ಸುಮ್ನೆ ಒಂದು ಟಗ್ (ದೊಡ್ಡ ಹಡಗು ಎಳೆಯೋ ಪುಟ್ಟ ಹಡಗು) ಮಾಡ್ಕೋ" ಅಂತ ನಾನು ಈ ಮಾಡೆಲ್ ಶುರು ಮಾಡಿದಾಗ ಅಂದೋರಿಗೆಲ್ಲ ಮೊದ್ಲು ಇದು ಹೇಳ್ಬಿಡ್ತೀನಿ. ತಿರುಗ್ತು. ನಿಂತ ಜಾಗದಲ್ಲೇ ಬುಗುರಿ ಥರ ತಿರುಗ್ತು. ರಡರ್ರೇ (ಚುಕ್ಕಾಣಿ) ಹಾಕಿಲ್ಲ, ಒಂದು ಮೋಟಾರ್ ಮುಂದಕ್ಕೆ ಒಂದು ಹಿಂದಕ್ಕೆ, ಅಷ್ಟೇ.

ನಾನು ಮಾಡಿದ್ದು ಐಎನ್‌ಎಸ್ ಮಕರ್, ನೌಕಾಪಡೆಯ ಸರ್ವೆ ಕಟಮರಾನ್ (ಸಮುದ್ರದ ಆಳ ಅಳೆಯೋ ಎರಡು ಹೊಟ್ಟೆ ಹಡಗು), 2012ರಲ್ಲಿ ನಮ್ಮ ಕಾರವಾರದಲ್ಲೇ ಸೇವೆಗೆ ಸೇರಿದ್ದು. ಈ ನಮೂನೆ ಹಡಗು ಆರಕ್ಕೆ ಆರ್ಡರ್ ಆಗಿ ಬಂದಿದ್ದು ಇದೊಂದೇ, ಹಂಗಾಗಿ ಕಿಟ್ಟು ಗಿಟ್ಟು ಹುಡುಕೋಕೆ ಹೋಗ್ಲೇ ಇಲ್ಲ. ನೌಕಾನೆಲೆ ಹತ್ರ ಕ್ಯಾಮೆರಾ ತೆಗೆದ್ರೆ ಕತೆ ಮುಗೀತು, ಪೇಪರಲ್ಲಿ ಬಂದ ಫೋಟೊ ಇಟ್ಕೊಂಡೇ ಸ್ಕೆಚ್ ಹಾಕಿದ್ದು. ಅಸಲಿದು ಸುಮಾರು 53 ಮೀಟರ್ ಉದ್ದ, 16 ಅಗಲ, 500 ಟನ್. 1:50 (ಐವತ್ತರಲ್ಲೊಂದು ಪಾಲು) ಮಾಡಿದ್ರೆ ಉದ್ದ ಒಂದು ಮೀಟರ್ ಚಿಲ್ರೆ, ಉದ್ದ, ಅಗಲ, ಎತ್ತರ ಮೂರೂ ಅಷ್ಟೇ ಕಮ್ಮಿ ಆಗೋದ್ರಿಂದ ತೂಕ ಮಾತ್ರ ಬರೀ 4 ಕೆಜಿ ಇರ್ಬೇಕು, ನಾನು ಎಡವಿದ್ದೇ ಇಲ್ಲಿ. ಮೊದಲ್ನೇದು ಪ್ಲೈವುಡ್, ಬ್ಯಾಟರಿ ಸೇರಿ ಆರೂವರೆ ಕೆಜಿ ಆಯ್ತು, ನೀರಿಗಿಟ್ರೆ ಮಧ್ಯದ ಡೆಕ್ಕೇ ನೀರಿಗೆ ತಾಗಿ ಪಟಪಟ ಹೊಡ್ಕೊಳ್ಳೋದು. ಏಳು ಸಾವಿರ ನೀರಲ್ಲಿ ಹೋಮ. ಆಮೇಲೆ ಫೈಬರ್‌ಗ್ಲಾಸಲ್ಲಿ ಹೊಸದಾಗಿ ಹಲ್ (ಹಡಗಿನ ಹೊಟ್ಟೆ) ಎಳೆದೆ, ಹೆಂಗೋ ನಾಲ್ಕೂಕಾಲಿಗೆ ತಂದೆ.

ಸುಮ್ನೆ ಓಡಿಸೋಕಲ್ಲ ನಾನು ಮಾಡಿದ್ದು, ಸರ್ವೆ ಹಡಗು ಅಂದ್ಮೇಲೆ ಸರ್ವೆ ಮಾಡ್ಬೇಕು ಅಂತ ಹಠ. ಫಿಶ್‌ಫೈಂಡರ್ (ಸೌಂಡು ಕಳಿಸಿ ನೀರಿನ ಆಳ ತೋರಿಸೋ ಯಂತ್ರ) ಬಿಚ್ಚಿ ಸೆನ್ಸರ್ರನ್ನ ಎರಡು ಹಲ್ ಮಧ್ಯ ನೇತಾಕಿದೆ. ಹಡಗು ನಿಂತಾಗ ಸರಿಯಾಗಿ ಆಳ ತೋರಿಸ್ತಿತ್ತು, ಓಡಿದ ತಕ್ಷಣ ಹುಚ್ಚುಚ್ಚಾಗಿ ನಂಬರ್ ಬರೋದು. ಎರಡು ವಾರ ವೈರಿಂಗ್ ಬೈದೆ, ಕೊನೆಗೆ ನೋಡಿದ್ರೆ ಮುಂದಿಂದ ಬರೋ ಗಾಳಿಗುಳ್ಳೆ ಎಲ್ಲಾ ಅಲ್ಲೇ ನುಗ್ತಿದೆ! ತೆಗೆದು ಎಡಗಡೆ ಹಲ್ ಒಳಗೇ ಅಂಟಿಸಿದೆ, ಸೌಂಡು ಫೈಬರ್ ತೂರಿ ಹೋಗುತ್ತಲ್ಲ. ಆದ್ರೆ ಗೋಂದಲ್ಲಿ ಒಂದು ಗುಳ್ಳೆ ಉಳಿದ್ರೂ ಸೊನ್ನೆ. ಮೂರು ಸಲ ಕಿತ್ತು ನಾಲ್ಕನೇ ಸಲಕ್ಕೆ ಗುಳ್ಳೆ ಇಲ್ದೆ ಕೂರಿಸಿದ್ದು ಹೆಂಗೆ ಅಂತ ಮಾತ್ರ ಹೇಳಲ್ಲ, ಕೈಯಾರೆ ಕಲಿತಿದ್ದು, ಸಿಕ್ಕಾಗ ಟೀ ಕೊಡಿಸಿ ನೋಡೋಣ.

ಆಳ ಸರಿ ಬರ್ತಿದ್ಯಾ ಅಂತ ನೋಡೋಕೆ ಅಮ್ಮನ ಸ್ಟೀಲ್ ತಟ್ಟೆಗೆ ಹಗ್ಗ ಕಟ್ಟಿ ಸೆನ್ಸರ್ ಕೆಳಗೆ, ನೀರಿನ ಮಟ್ಟದಿಂದ 1 ಮೀಟರ್, 2 ಮೀಟರ್ ಇಳಿಸಿದೆ, ಅಸಲಿ ಸರ್ವೆಯವ್ರೂ ಕಬ್ಬಿಣದ ಪಟ್ಟಿ ಇಳಿಸಿ ಇದನ್ನೇ ಮಾಡೋದು. ನಾಲ್ಕು ಬೆರಳಷ್ಟು ವ್ಯತ್ಯಾಸ ಬಂತು, ಸೆನ್ಸರ್ ನೀರಲ್ಲಿ ಮುಳುಗಿರೋದು ಸೇರಿಸಿದ್ರೆ ಸರಿ ಹೋಯ್ತು. ತಟ್ಟೆ ಮಾತ್ರ ಕೆರೇಲೇ ಇದೆ.

ಮಧ್ಯೆ ಡೆಕ್ ಮೇಲೆ ಸೋಲಾರ್ ಪ್ಯಾನೆಲ್ ಹಾಕೋ ಹುಚ್ಚೂ ಬಂತು, ಗಾಳಿ ಬಂದ್ರೆ ಹಾಯಿದೋಣಿ ಆಗ್ತಿತ್ತು, ಕಿತ್ತಾಕ್ದೆ. ಊರ ಹುಡುಗ್ರಿಗೆ ಓಡಿಸೋದು ಕಲಿಸಿದೆ, ನೌಕಾಪಡೆಯವ್ರು ಸರ್ವೆ ಕಲಿಯೋದು ಗೋವಾದಲ್ಲಿ, ನಮ್ಮೋರು ಕೆರೆ ಏರಿ ಮೇಲೆ. (ನೌಕಾಪಡೆ ಸರ್ವೆಯವ್ರ ಹೆಡ್ ಆಫೀಸು ಡೆಹ್ರಾಡೂನಂತೆ, ಸಮುದ್ರವೇ ಇಲ್ದಿರೋ ಊರು!) ಆದ್ರೆ ಕೈಯಲ್ಲಿ ಯಾರು ಓಡಿಸಿದ್ರೂ ಗೆರೆ ಹಾವಿನ ಥರ, ಕೊನೆಗೆ ಆಟೋಪೈಲಟ್ (ಜಿಪಿಎಸ್ ನೋಡಿ ತಾನೇ ಓಡಿಸೋ ಬೋರ್ಡು) ಹಾಕಿ ಐದೈದು ಮೀಟರಿಗೊಂದು ಸಾಲು, ಹೊಲ ಉತ್ತಂಗೆ. ಇನ್ನೂ ಹತ್ರ ಹಾಕಿ ಲಾಭ ಇಲ್ಲ, ಜಿಪಿಎಸ್ಸೇ ಎರಡು ಮೂರು ಮೀಟರ್ ಆಚೀಚೆ.

ಖರ್ಚು? ಫಿಶ್‌ಫೈಂಡರ್ 14 ಸಾವಿರ, ಆಟೋಪೈಲಟ್ ಜಿಪಿಎಸ್ ಸೇರಿ 18ರ ಹತ್ರ, ಸುಟ್ಟೋದ ಎರಡು ಇಎಸ್‌ಸಿ (ಮೋಟಾರ್ ವೇಗ ಹೆಚ್ಚುಕಮ್ಮಿ ಮಾಡೋ ಬೋರ್ಡು), ಫೈಬರು, ಬ್ಯಾಟರಿ ಎಲ್ಲಾ ಸೇರಿ 60 ದಾಟಿದೆ. ಮನೇಲಿ ಹೇಳಿರೋದು 25.

ತೂಬಿನ ಹತ್ರ ನಾಲ್ಕಾಳು ನೀರಿದೆ ಅಂತ ಊರಲ್ಲಿ ಹಿರೀರೆಲ್ಲ ಹೇಳೋರು, ಮಕರ್ ತೋರಿಸಿದ್ದು ಮೂರು ಮೀಟರ್ ಕೂಡ ಇಲ್ಲ, ಉಳಿದಿದ್ದೆಲ್ಲ ಹೂಳು. ಒಬ್ರು ನಂಬ್ದೆ ಗಳ ಹಾಕಿ ನೋಡಿ ಸುಮ್ನಾದ್ರು. ಈಗ ಪಕ್ಕದೂರೋರೂ ಕರೀತಿದಾರೆ, ಬ್ಯಾಟರಿ ಖರ್ಚು ಕೊಟ್ರೆ ಬರ್ತೀನಿ ಅಂದಿದೀನಿ.