ಗಿಟಾರ್‌ಗೆ ಸನ್‌ಬರ್ಸ್ಟ್ ಹೊಡೆಯುವುದು ಹೇಗೆ: ಗನ್ ಹೊರಮುಖ, ಅಂಚಿಗೆ ಕೈ ಹಗುರ

ಬಾಡಿ ಕೊರೆದು, ಪಿಕಪ್ ಕುಳಿ ತೋಡಿ, ನೆಕ್ ಕೂರಿಸುವ ತನಕ ಅಚ್ಚುಕಟ್ಟಾಗಿ ಕೆಲಸ ಮಾಡಿದವರೂ ಬಣ್ಣಕ್ಕೆ ಬಂದಾಗ ಎಡವುತ್ತಾರೆ. ನಡು ತಿಳಿಯಾಗಿದ್ದು ಅಂಚಿನತ್ತ ಗಾಢವಾಗುತ್ತ ಹೋಗುವ ಈ ಸನ್‌ಬರ್ಸ್ಟ್ ಬಣ್ಣ ಕೆಡುವುದು ಹೆಚ್ಚಾಗಿ ಎರಡೇ ರೀತಿಯಲ್ಲಿ. ಒಂದು, ನಡುವಿನ ಹಳದಿಯ ಮೇಲೆ ಕಪ್ಪು ಚುಕ್ಕೆ ಕೂರುವುದು. ಇನ್ನೊಂದು, ಎಲ್ಲ ಮುಗಿಯಿತು ಎನ್ನುವಾಗ ಅಂಚನ್ನು ಉಜ್ಜಿ ಬಣ್ಣ ಕಿತ್ತುಕೊಳ್ಳುವುದು. ಉಳಿದದ್ದೆಲ್ಲ ಫರ್ನಿಚರ್ ಪಾಲಿಷ್ ಮಾಡುವವರಿಗೆ ಗೊತ್ತಿರುವ ಕೆಲಸವೇ. ಹಾಗಾಗಿ ಇಲ್ಲಿ ಆ ಎರಡಕ್ಕೇ ಹೆಚ್ಚು ಜಾಗ.

ಯಾವ ಬರ್ಸ್ಟ್ ಎಂದು ಮೊದಲು ತೀರ್ಮಾನಿಸಿ. 1954ರ ಫೆಂಡರ್ ಸ್ಟ್ರಾಟೊಕಾಸ್ಟರ್‌ನದು ಎರಡೇ ಬಣ್ಣ: ನಡುವೆ ಹಳದಿ, ಅಂಚಿಗೆ ಕಪ್ಪುಗಂದು. 1958ರಲ್ಲಿ ಇವೆರಡರ ನಡುವೆ ಕೆಂಪು ಸೇರಿ ಮೂರಾಯಿತು. ಅದೇ ವರ್ಷ ಗಿಬ್ಸನ್‌ನ ಲೆಸ್ ಪಾಲ್ ಸ್ಟ್ಯಾಂಡರ್ಡ್ ಕೂಡ ಚಿನ್ನದ ಬಣ್ಣ ಬಿಟ್ಟು ಕೆಂಪು ಸನ್‌ಬರ್ಸ್ಟ್‌ಗೆ ಬಂತು. ಆ ಕಾಲದ ಎಷ್ಟೋ ಗಿಟಾರ್‌ಗಳಲ್ಲಿ ಕೆಂಪು ಬೆಳಕಿಗೆ ಮಾಸಿ ಈಗ ಜೇನು ಬಣ್ಣವಷ್ಟೇ ಉಳಿದಿದೆ. ಅಗ್ಗದ ಕೆಂಪು ಡೈ ಇವತ್ತಿಗೂ ಹಾಗೇ ಮಾಸುತ್ತದೆ. ಕೆಂಪಿಗಾದರೂ ಬೆಳಕಿಗೆ ಬೇಗ ಮಾಸದ ಮೆಟಲ್ ಕಾಂಪ್ಲೆಕ್ಸ್ ಡೈಯನ್ನೇ ಕೊಳ್ಳಿ. ಮೊದಲ ಸಲ ಮಾಡುವವರು ಎರಡು ಬಣ್ಣಕ್ಕೆ ತೃಪ್ತಿಪಡುವುದು ಒಳ್ಳೆಯದು. ಮೂರನೆಯ ಬಣ್ಣ ಬಂದರೆ ಒಂದರ ಬದಲು ಎರಡು ಕಡೆ ಬಣ್ಣ ಕರಗಿಸಿ ಸೇರಿಸಬೇಕು, ತಪ್ಪಿಗೂ ಅಷ್ಟೇ ಅವಕಾಶ ಹೆಚ್ಚು.

ಕಾಲ ನೋಡಿ ಕೆಲಸ

ಕೊಡಗಿನಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯಲು ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲಿನಿಂದ ಕಾಫಿ ಅರಳಿಸುವ ಹೂಮಳೆ ಬೀಳುವ ತನಕದ ಅವಧಿಯೇ ಸರಿ. ಲ್ಯಾಕರಿನ ಥಿನ್ನರ್ ವೇಗವಾಗಿ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಳಿದು ಒಳಗೆ ಸಿಕ್ಕಿಕೊಳ್ಳುತ್ತದೆ, ಫಿನಿಶ್ ಬಿಳಿಚಿಕೊಳ್ಳುತ್ತದೆ. ಕಪ್ಪು ಅಂಚಿನ ಮೇಲೆ ಈ ಬಿಳುಪು ಎದ್ದು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಿಕೇರಿ, ಭಾಗಮಂಡಲದ ಕಡೆಯವರು ಸ್ಪ್ರೇ ಗನ್ ಮುಟ್ಟಲೇಬೇಡಿ. ಕುಶಾಲನಗರದ ಕಡೆ ಒಣಹವೆ ಸ್ವಲ್ಪ ಹೆಚ್ಚು, ಆದರೂ ಹೈಗ್ರೋಮೀಟರ್ ನೋಡದೆ ಶುರು ಮಾಡಬಾರದು. ಗಾಳಿಯ ತೇವಾಂಶ 70% ದಾಟಿದ್ದರೆ ಆ ದಿನ ಬಿಡಿ. ಜನವರಿಯಲ್ಲೂ ಮಂಜು ಪೂರ್ತಿ ಕರಗಿ ಬಿಸಿಲು ಹತ್ತಿದ ಮೇಲೆ, ಅಂದರೆ 11 ಗಂಟೆಯಿಂದ 3ರ ಒಳಗೆ ಸ್ಪ್ರೇ ಮುಗಿಸಿ. ಸಂಜೆ ಹೊಡೆದ ಕೋಟ್‌ನಲ್ಲಿ ಥಿನ್ನರ್ ಇನ್ನೂ ಹಾರುತ್ತಿರುವಾಗಲೇ ತೇವ ಏರುತ್ತದೆ.

ಬಿಳಿಚಿಕೊಂಡರೆ ಗಾಬರಿ ಬೇಡ. ಥಿನ್ನರಿಗೆ 5ರಿಂದ 10% ರಿಟಾರ್ಡರ್ (ನಿಧಾನವಾಗಿ ಹಾರುವ ದ್ರಾವಕ) ಸೇರಿಸಿ, ಒಣ ದಿನ ನೋಡಿ ತೆಳುವಾಗಿ ಒಂದು ಸಲ ಹಾಯಿಸಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಆದರೆ ಮಳೆಗಾಲದಲ್ಲೇ ಮಾಡುತ್ತೇನೆಂದು ರಿಟಾರ್ಡರ್ ಸುರಿದುಕೊಂಡು ಕೂರುವುದು ದಾರಿಯಲ್ಲ. ಒಳಪದರ ವಾರಗಟ್ಟಲೆ ಮೆತ್ತಗೇ ಇರುತ್ತದೆ.

ಇದೇ ತಿಂಗಳುಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ ಎಂಬುದು ಇಲ್ಲಿನ ತೊಡಕು. ಕಣದ ದೂಳು ಹಸಿ ಲ್ಯಾಕರಿಗೆ ಅಂಟುತ್ತದೆ, ಥಿನ್ನರಿನ ವಾಸನೆಯನ್ನು ಕಾಫಿ ಎಳೆದುಕೊಳ್ಳುತ್ತದೆ. ಎರಡೂ ಹಾಳು. ಕಣದಿಂದ, ಕಾಫಿ ಗೋದಾಮಿನಿಂದ ದೂರದ ಶೆಡ್ ಆರಿಸಿ.

ಬೇಕಾಗುವ ಸಾಮಾನು

ಒಂದು ಬಾಡಿಗೆ ಎನ್‌ಸಿ ಸ್ಯಾಂಡಿಂಗ್ ಸೀಲರ್ (ಬಣ್ಣಕ್ಕೆ ಮೊದಲು ಮರ ಮುಚ್ಚುವ ಪದರ) ಅರ್ಧ ಲೀಟರ್, ಎನ್‌ಸಿ ಕ್ಲಿಯರ್ ಗ್ಲಾಸಿ ಲ್ಯಾಕರ್ 1 ಲೀಟರ್, ಗನ್ ತೊಳೆಯುವುದೂ ಸೇರಿ ಎನ್‌ಸಿ ಥಿನ್ನರ್ 3 ಲೀಟರ್. ಹಳದಿ, ಕೆಂಪು, ಕಂದು, ಕಪ್ಪು ಡೈ ಸ್ವಲ್ಪ ಸ್ವಲ್ಪ. ಬರ್ಸ್ಟ್‌ಗೆ 0.8 ಎಂಎಂ ನಾಝಲ್‌ನ ಮಿನಿ ಗನ್, ಕ್ಲಿಯರಿಗೆ 1.3 ಎಂಎಂ ಗನ್. ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು. ಕೊಡಗಿನ ಗಾಳಿಯನ್ನು ಒತ್ತಿದರೆ ಟ್ಯಾಂಕಿನಲ್ಲಿ ನೀರು ನಿಲ್ಲದೆ ಇರುವುದಿಲ್ಲ.

ಬಾಟಲಿಗೆ ಸುರಿದು ಮಾರುವ ಬಿಡಿ ಥಿನ್ನರ್ ಬೇಡ. ಅದರಲ್ಲಿ ಏನು ಬೆರೆತಿದೆಯೋ ಹೇಳುವವರಿಲ್ಲ, ಬಿಳಿಚುವ ಸಮಸ್ಯೆಯ ಅರ್ಧ ಮೂಲ ಅದೇ. ಲ್ಯಾಕರ್ ಕೊಂಡ ಕಂಪನಿಯದೇ ಸೀಲ್ ಇರುವ ಡಬ್ಬಿ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಕಪ್ಪು ಸ್ಪ್ರೇ ಡಬ್ಬಿಯಲ್ಲಿ ಅಂಚು ಮುಗಿಸುವ ಸುಲಭ ದಾರಿಯನ್ನು ಕೆಲವರು ಹಿಡಿಯುತ್ತಾರೆ. ಅದು ಎನಾಮಲ್ ಆಗಿದ್ದರೆ ಮೇಲೆ ಎನ್‌ಸಿ ಬಿದ್ದ ಕೂಡಲೇ ಸುಕ್ಕುಗಟ್ಟಿ ಏಳುತ್ತದೆ. ಎನಾಮಲ್ ಅಲ್ಲದಿದ್ದರೂ ಡಬ್ಬಿಯ ಹನಿ ದಪ್ಪ, ಮಂಜಿನಂತೆ ಕರಗುವ ಅಂಚು ಅದರಿಂದ ಬರುವುದಿಲ್ಲ.

ಎನ್‌ಸಿ ಲ್ಯಾಕರಿಗೆ ಬೆಂಕಿ ಬಲು ಸಲೀಸಾಗಿ ಹತ್ತುತ್ತದೆ. ಒಣಗಿದ ಸ್ಪ್ರೇ ಪುಡಿಗೂ ಅಷ್ಟೇ. ಬೀಡಿ, ಒಲೆ, ಕಿಡಿ ಹಾರುವ ಸ್ವಿಚ್ಚು, ಸಾಧಾರಣ ಎಕ್ಸಾಸ್ಟ್ ಫ್ಯಾನು ಯಾವುದೂ ಹತ್ತಿರ ಇರಬಾರದು. ಕಂಪ್ರೆಸರ್ ಶೆಡ್ಡಿನ ಹೊರಗಿರಲಿ, ಪೈಪು ಮಾತ್ರ ಒಳಗೆ. ಬಟ್ಟೆ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ, ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ.

ಮರದ ತಯಾರಿ

120, 180, 220 ನಂಬರಿನ ಪೇಪರ್‌ನಲ್ಲಿ ಎಳೆಯ ದಿಕ್ಕಿಗೇ ಉಜ್ಜಿ. ಎಳೆ ಅಡ್ಡ ಕತ್ತರಿಸಿದ ಕಡೆ 320 ತನಕ ಹೋಗಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಎದ್ದ ನಾರನ್ನು ಇನ್ನೊಮ್ಮೆ 220ರಲ್ಲಿ ಇಳಿಸಿ. ಸ್ಪಿರಿಟ್ ಹಚ್ಚಿ ನೋಡಿದರೆ ಅಂಟಿನ ಕಲೆಗಳು ಬೆಳ್ಳಗೆ ಕಾಣುತ್ತವೆ, ಕೆರೆದು ತೆಗೆಯಿರಿ.

ಮೇಲಂಚನ್ನು ಚೂಪಾಗಿ ಬಿಡಬೇಡಿ. ಕನಿಷ್ಠ 3 ಎಂಎಂ ಗುಂಡಗಿರಲಿ. ಹಸಿ ಲ್ಯಾಕರ್ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ಕೊನೆಯಲ್ಲಿ ಅಂಚಿನ ಬಣ್ಣ ಕಿತ್ತುಬರುವುದಕ್ಕೆ ಬೀಜ ಬೀಳುವುದು ಇಲ್ಲೇ.

ತೋಟದ ಸಿಲ್ವರ್ ಓಕ್ ಬಳಸಿದ್ದರೆ ಅದರ ಜಾಲರಿ ಮಚ್ಚೆ ಬರ್ಸ್ಟ್ ಕೆಳಗೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಮಚ್ಚೆ ಮತ್ತು ಸುತ್ತಲಿನ ಮರ ಡೈಯನ್ನು ಒಂದೇ ಸಮ ಕುಡಿಯುವುದಿಲ್ಲ. ಮರಕ್ಕೇ ನೇರ ಬಣ್ಣ ಉಜ್ಜಿದರೆ ಪಟ್ಟೆ ಪಟ್ಟೆ. ಮೊದಲು ಸೀಲರ್, ಬಣ್ಣವೆಲ್ಲ ಲ್ಯಾಕರಿನಲ್ಲಿ ಎಂಬುದು ಈ ಮರಕ್ಕೆ ಖಂಡಿತ ನಿಯಮ. ಇದರ ಪುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಹಾಕಿ. ಹಲಸು, ಮಹಾಗನಿಯಂಥ ರಂಧ್ರದ ಮರವಾದರೆ ರಂಧ್ರ ಮುಚ್ಚುವ ಗ್ರೇನ್ ಫಿಲ್ಲರ್ ತುಂಬಿ ಒರೆಸಿ, ಒಂದು ದಿನ ಬಿಡಿ.

ಸೀಲರ್ ಮತ್ತು ಥಿನ್ನರ್ ಸಮಸಮ ಬೆರೆಸಿ ಮೂರು ಕೋಟ್ ಹೊಡೆದು, ಮರುದಿನ 320ರಲ್ಲಿ ಮಟ್ಟ ಮಾಡಿ. ನೆಕ್ ಪಾಕೆಟ್‌ಗೆ ಟೇಪ್ ಹಾಕಿ, ಅದರೊಳಗೆ ಒಂದು ರೀಪು ಸ್ಕ್ರೂ ಮಾಡಿ. ಬಾಡಿ ಹಿಡಿಯಲು, ತಿರುಗಿಸಲು, ನೇತುಹಾಕಲು ಅದೇ ಹಿಡಿ.

ಬಣ್ಣ

ಟೋನರ್ ಅಂದರೆ ಡೈ ಬೆರೆಸಿದ ತೆಳು ಲ್ಯಾಕರ್. 100 ಎಂಎಲ್ ಲ್ಯಾಕರ್, 150 ಎಂಎಲ್ ಥಿನ್ನರ್, ಡೈ ದ್ರಾವಣ 5 ಎಂಎಲ್‌ನಿಂದ ಶುರು ಮಾಡಿ. ಬಿಳಿ ರಟ್ಟಿನ ಮೇಲೆ ಹೊಡೆದು ನೋಡಿ. ಒಂದು ಸಲ ಹಾಯಿಸಿದಾಗ ಬಣ್ಣ ಇದೆಯೋ ಇಲ್ಲವೋ ಎಂಬಷ್ಟೇ ಕಾಣಬೇಕು, ಬೇಕಾದ ಗಾಢತೆಗೆ ನಾಲ್ಕೈದು ಸಲ ಹಿಡಿಯಬೇಕು. ಒಂದೇ ಹಾಯಿಸುವಿಕೆಗೆ ಗಾಢವಾಗುವ ಟೋನರ್ ಕೈಗೆ ಸಿಗುವುದಿಲ್ಲ, ಡೈ ಮಿತಿಮೀರಿದರೆ ಪದರ ಮೆದುವೂ ಆಗುತ್ತದೆ. ಪೇಂಟಿನ ಪಿಗ್ಮೆಂಟ್ ಬೆರೆಸಬೇಡಿ, ಮರದ ಎಳೆ ಮುಚ್ಚಿಹೋಗುತ್ತದೆ. ಹೊರ ಅಂಚಿನ ಕಪ್ಪಿಗೆ ಮಾತ್ರ ಬೇಕಿದ್ದರೆ ಹಾಕಬಹುದು. ಪ್ರತಿ ಬಣ್ಣದಲ್ಲೂ 50 ಎಂಎಲ್ ತೆಗೆದು ಗಾಜಿನ ಸೀಸೆಯಲ್ಲಿ ಇಡಿ. ಏಕೆಂದು ಮುಂದೆ ತಿಳಿಯುತ್ತದೆ.

ಹಳದಿ ಸುಲಭ. ಮುಂದೆ, ಹಿಂದೆ ಎರಡೂ ಕಡೆ ಸಮನಾಗಿ ಹೊಡೆದು, ಮೇಲೆ ಒಂದು ತೆಳು ಕ್ಲಿಯರ್ ಹಾಯಿಸಿ ರಾತ್ರಿ ಒಣಗಲು ಬಿಡಿ. ಈ ಕ್ಲಿಯರ್ ಪದರ ಬಿಡಬಾರದು. ನಾಳೆ ಕಪ್ಪು ಚುಕ್ಕೆ ಬಿದ್ದರೆ 600ರ ಪೇಪರ್ ತುಂಡಿನಲ್ಲಿ ಅದನ್ನಷ್ಟೇ ಮೆಲ್ಲಗೆ ತೆಗೆಯಬಹುದು, ಕೆಳಗಿನ ಹಳದಿ ಉಳಿಯುತ್ತದೆ.

ಕಪ್ಪಿಗೆ ಬನ್ನಿ. ಮೊದಲು ಪಕ್ಕಗಳು, ಆಮೇಲೆ ಮುಖ. ಪಕ್ಕಕ್ಕೆ ಹೊಡೆಯುವಾಗ ಗನ್ನಿನಿಂದ ತಪ್ಪಿದ ಮಂಜು ಮುಖದ ಮೇಲೆ ಹಾದು ಹಳದಿಯ ಮೇಲೆ ಕೂರುತ್ತದೆ. ಇದನ್ನು ತಡೆಯಲು ಬಾಡಿಗಿಂತ ಸುತ್ತಲೂ 1 ಇಂಚು ಚಿಕ್ಕದಾದ ರಟ್ಟು ಕತ್ತರಿಸಿ, ನಾಲ್ಕು ನಟ್‌ಗಳ ಮೇಲೆ ಎತ್ತಿ ಕೂರಿಸಿ, ಮೇಲೊಂದು ಭಾರ ಇಡಿ. ರಟ್ಟಿನ ಹೊರಗಿನ 1 ಇಂಚು ಹೇಗೂ ಕಪ್ಪಾಗುವ ಜಾಗ, ಅಲ್ಲಿ ಮಂಜು ಬಿದ್ದರೆ ಚಿಂತೆಯಿಲ್ಲ. ಹಿಂಬದಿಯನ್ನೂ ಹಾಗೇ ಮುಚ್ಚಿ. ಪಕ್ಕ ಮುಗಿದ ಮೇಲೆ ರಟ್ಟು ತೆಗೆಯಿರಿ. ಮುಖದ ಬರ್ಸ್ಟನ್ನೂ ರಟ್ಟಿನ ಅಚ್ಚಿಟ್ಟೇ ಮುಗಿಸಿದರೆ ಅಂಚು ಮುದ್ರೆ ಒತ್ತಿದಂತೆ ಬಿಗಿಯಾಗಿ ಕಾಣುತ್ತದೆ, ಅದು ಬೇಡ.

ಈಗ ಮುಖ. ಗನ್ನಿನ ಪಟ್ಟಿ ಕಿರಿದು ಮಾಡಿ ದುಂಡು ಸ್ಪ್ರೇಗೆ ತನ್ನಿ. ಒತ್ತಡ 20ರಿಂದ 25 ಪಿಎಸ್‌ಐ, ದೂರ 6 ಇಂಚು. ಗನ್ನು ಬಾಡಿಯ ಒಳಗಡೆ, ಹಳದಿಯ ಮೇಲ್ಭಾಗದಲ್ಲಿ ಇರಬೇಕು. ಮೂತಿ 45 ಡಿಗ್ರಿ ವಾಲಿ ಹೊರಕ್ಕೆ ನೋಡಬೇಕು. ಮಂಜು ಅಂಚಿಗೆ ತಾಗಿ ಬಾಡಿಯಾಚೆ ಹಾರಿಹೋಗುತ್ತದೆ, ನಡುವಿಗೆ ಬರುವುದಿಲ್ಲ. ಹೊರಗೆ ನಿಂತು ಒಳಕ್ಕೆ ಹೊಡೆಯುವುದು ಎಲ್ಲರ ಕೈಗೂ ಸಹಜವಾಗಿ ಬರುವ ಭಂಗಿ, ಬರ್ಸ್ಟ್ ಕೆಡುವುದಕ್ಕೆ ಮೊದಲ ಕಾರಣವೂ ಅದೇ.

ಟ್ರಿಗರ್ ಒತ್ತುವುದೂ ಬಿಡುವುದೂ ಬಾಡಿಯ ಹೊರಗೇ. ಒತ್ತಿದ ಕ್ಷಣದಲ್ಲಿ ಗನ್ ಒಂದೆರಡು ದಪ್ಪ ಹನಿ ಉಗುಳುತ್ತದೆ, ಅದು ನೆಲಕ್ಕೆ ಬೀಳಲಿ. ಸೊಂಟದ ತಿರುವಿನಲ್ಲಿ ಕೈ ತಾನಾಗಿ ನಿಧಾನವಾಗುತ್ತದೆ, ಅಲ್ಲಿ ಕಪ್ಪು ದಪ್ಪಗಾಗುತ್ತದೆ. ಕೊಂಬಿನ ತುದಿಯಲ್ಲಿ ಎರಡೂ ಕಡೆಯ ಸ್ಪ್ರೇ ಕೂಡಿ ಪೂರ್ತಿ ಕಪ್ಪಾಗಿಬಿಡುತ್ತದೆ. ಎರಡೂ ಕಡೆ ವೇಗ ಹೆಚ್ಚಿಸಿ. ಅಂಚಿನಿಂದ ಒಂದೂವರೆ ಇಂಚು ಒಳಗೆ ಕಪ್ಪು ಕರಗಿ ಮುಗಿಯಬೇಕು, ಸೊಂಟದಲ್ಲಿ ಒಂದು ಇಂಚು ಸಾಕು. ಒಂದು ಸುತ್ತು, ಹತ್ತು ನಿಮಿಷ ಬಿಡುವು, ಮತ್ತೊಂದು ಸುತ್ತು. ಪ್ರತಿ ಸುತ್ತಿನ ಬಳಿಕ ಬಾಡಿಯನ್ನು ಹಗಲು ಬೆಳಕಿನಲ್ಲಿ ಆರೇಳು ಅಡಿ ದೂರ ಇಟ್ಟು ನೋಡಿ. ಹತ್ತಿರದಿಂದ ನೋಡಿದರೆ ಇನ್ನೂ ಬೇಕು ಅನ್ನಿಸುತ್ತಲೇ ಇರುತ್ತದೆ. ಇನ್ನೊಂದೇ ಸುತ್ತು ಹೊಡೆದರೆ ಸಾಕು ಅನ್ನಿಸಿದಾಗ, ಅದನ್ನು ಹೊಡೆಯದೆ ಅಲ್ಲೇ ನಿಲ್ಲಿಸಿ. ಕ್ಲಿಯರ್ ಬಿದ್ದ ಮೇಲೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಬಣ್ಣ ಮರಳು ಚೆಲ್ಲಿದಂತೆ ಕಂಡರೆ ಗಾಳಿಯ ಒತ್ತಡ ಕಡಿಮೆ ಅಥವಾ ಟೋನರ್ ದಪ್ಪ. ಒರಟಾಗಿ ಪುಡಿಪುಡಿ ಕೂತಿದ್ದರೆ ಗನ್ ದೂರವಿದೆ, ಹನಿ ಗಾಳಿಯಲ್ಲೇ ಒಣಗುತ್ತಿದೆ. ಮೂರು ಬಣ್ಣದ್ದಾದರೆ ಕಪ್ಪಿಗೆ ಮೊದಲು ಇದೇ ಕ್ರಮದಲ್ಲಿ ಕೆಂಪನ್ನು ಇನ್ನೊಂದು ಇಂಚು ಒಳಗಿನ ತನಕ ತನ್ನಿ.

ಕ್ಲಿಯರ್ ಮತ್ತು ಆ ಅಂಚು

ಲ್ಯಾಕರ್, ಥಿನ್ನರ್ ಸಮಸಮ. ಮೊದಲ ಎರಡು ಕೋಟ್ ಮಂಜಿನಷ್ಟು ತೆಳುವಾಗಿರಲಿ. ಎನ್‌ಸಿ ತನ್ನ ಕೆಳಗಿನ ಪದರವನ್ನು ಮತ್ತೆ ಕರಗಿಸುತ್ತದೆ, ಮೊದಲಿಗೇ ಹಸಿಯಾಗಿ ಸುರಿದರೆ ಕಪ್ಪು ಹಳದಿಯೊಳಗೆ ಹರಿಯುತ್ತದೆ. ಆಮೇಲೆ ದಿನಕ್ಕೆ ಮೂರು ಕೋಟ್, ನಡುವೆ ಎರಡು ಗಂಟೆ, ಒಟ್ಟು ಹತ್ತು ಕೋಟ್ ಸಾಕು. ಮೀನುಕಣ್ಣಿನಂಥ ಗುಳಿ ಬಿದ್ದರೆ ಎಣ್ಣೆಯೋ ಸಿಲಿಕೋನೋ ತಾಗಿದೆ ಎಂದರ್ಥ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಬಾಡಿ ಮುಟ್ಟಬೇಡಿ, ಅದೇ ಶೆಡ್ಡಿನಲ್ಲಿ ಕಾರ್ ಪಾಲಿಷ್ ಮಾಡಬೇಡಿ.

ಆರನೆಯ ಕೋಟ್‌ಗಿಂತ ಮೊದಲು ಪೇಪರ್ ಮುಟ್ಟಲೇಬಾರದು. ಆಗಲೂ 400 ಪೇಪರನ್ನು ಸಮತಟ್ಟು ಜಾಗಕ್ಕೆ ಮಾತ್ರ, ಕಾರ್ಕ್ ತುಂಡಿಗೆ ಸುತ್ತಿ ಬಳಸಿ. ಅಂಚಿನಿಂದ ಅರ್ಧ ಇಂಚು ಬಿಡಿ. ಅಂಚಿನಲ್ಲಿ ಪದರ ಎಲ್ಲಕ್ಕಿಂತ ತೆಳು, ಪೇಪರಿನ ಒತ್ತಡ ಎಲ್ಲಕ್ಕಿಂತ ಹೆಚ್ಚು, ಕೆಳಗಿರುವುದು ಕಪ್ಪು. ನಾಲ್ಕು ಎಳೆತಕ್ಕೇ ಹಳದಿ ಗೆರೆ ಮೂಡಿಬಿಡುತ್ತದೆ. ಒದ್ದೆ ಪೇಪರಿನ ನೀರು ಕಪ್ಪಾದರೆ ತಕ್ಷಣ ನಿಲ್ಲಿಸಿ, ಅದು ಬಣ್ಣಕ್ಕೆ ತಲುಪಿದ ಗುರುತು. ತೆಗೆದಿಟ್ಟ ಸೀಸೆ ಈಗ ಬೇಕು. ಸಣ್ಣ ಬ್ರಷ್‌ನಲ್ಲಿ ಆ ಗೆರೆಗಷ್ಟೇ ಟೋನರ್ ಮುಟ್ಟಿಸಿ, ಒಣಗಿದ ಮೇಲೆ ಅಲ್ಲಿಗೆ ಮೂರ್ನಾಲ್ಕು ತೆಳು ಕ್ಲಿಯರ್ ಹೊಡೆಯಿರಿ. ಹೊಸದಾಗಿ ಬೆರೆಸಿದ ಬಣ್ಣ ಹಳೆಯದಕ್ಕೆ ಸರಿಹೊಂದುವುದು ಕಷ್ಟ.

ಒಣಗಿಸುವುದು, ಹೊಳಪು

ಮೈದಾನ ಸೀಮೆಯಲ್ಲಿ ಮೂರ್ನಾಲ್ಕು ವಾರ ಸಾಕಾದರೆ ಇಲ್ಲಿ ಆರು ವಾರ ನೇತುಹಾಕಿ. ಪಿಕಪ್ ಕುಳಿಗೆ ಮೂಗಿಟ್ಟು ನೋಡಿ, ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ಬಿಸಿಲಿಗೆ ಇಡಬೇಡಿ, ಗುಳ್ಳೆ ಏಳುತ್ತದೆ. ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ.

ನಂತರ 1000, 1500, 2000ರ ವಾಟರ್ ಪೇಪರ್, ಸೋಪಿನ ನೀರು, ಆಮೇಲೆ ಸಿಲಿಕೋನ್ ಇಲ್ಲದ ರಬ್ಬಿಂಗ್ ಕಾಂಪೌಂಡ್. ಸ್ಕ್ರೂ ತೂತುಗಳಿಗೆ ಮೇಣ ತುಂಬಿ. ನೀರು ಇಳಿದರೆ ಮರ ಉಬ್ಬಿ ತೂತಿನ ಸುತ್ತ ಲ್ಯಾಕರ್ ಬಿರಿಯುತ್ತದೆ. ಡ್ರಿಲ್‌ಗೆ ಫೋಮ್ ಪ್ಯಾಡ್ ಹಾಕಿ ಬಫ್ ಮಾಡುವವರು ಅಂಚುಗಳನ್ನು ಕೈಯಲ್ಲೇ ಉಜ್ಜಿ.

ಬ್ರಿಡ್ಜ್, ಪಿಕ್‌ಗಾರ್ಡ್ ಕೂರಿಸುವ ಮುನ್ನ ಪ್ರತಿ ತೂತಿನ ಬಾಯಿಗೆ ಕೌಂಟರ್‌ಸಿಂಕ್ ಬಿಟ್ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಸ್ಕ್ರೂ ಲ್ಯಾಕರನ್ನು ಎತ್ತುವುದು ತಪ್ಪುತ್ತದೆ. ರಬ್ಬರ್ ಹಿಡಿಯಿರುವ ಗಿಟಾರ್ ಸ್ಟ್ಯಾಂಡ್ ಎನ್‌ಸಿಯನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಹಿಡಿಗೆ ಹತ್ತಿ ಬಟ್ಟೆ ಸುತ್ತಿ, ಮೊದಲ ಕೆಲವು ತಿಂಗಳು ಕೇಸಿನೊಳಗೆ ಮುಚ್ಚಿಡಬೇಡಿ, ಒಳಗಿನ ಮಖಮಲ್ಲಿನ ಅಚ್ಚು ಮೇಲ್ಮೈಗೆ ಬೀಳುತ್ತದೆ.