ತೋಟದ ಮೂಲೆಯ ಕಲ್ಲು: ಮುತ್ತಾತನ ಜಾಡು ಹಿಡಿಯುವುದು ಹೇಗೆ

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ, ತೆಂಗಿನ ತೋಟದ ಮೂಲೆಗೆ ಮೊಣಕಾಲೆತ್ತರದ ಒಂದು ಕಲ್ಲಿದೆ. ನನ್ನ ಮುತ್ತಾತನ ಸಮಾಧಿ. ಮಹಾಲಯ ಅಮಾವಾಸ್ಯೆಗೆ ಅಲ್ಲಿ ಎಡೆ ಇಡುತ್ತಿದ್ದೆವು. ಆದರೆ ಅದರ ಮೇಲಿನ ಅಕ್ಷರ ಏನು ಹೇಳುತ್ತೆ ಅಂತ ಯಾರೂ ನೋಡಿರಲಿಲ್ಲ. ಮೇಷ್ಟರ ಕೆಲಸದಿಂದ ರಿಟೈರ್ ಆದ ಮೇಲೆ ನಾನು ಹುಡುಕಲು ಶುರು ಮಾಡಿದೆ. ಎರಡು ವರ್ಷ ಹಿಡಿಯಿತು. ನೀವೂ ನಿಮ್ಮ ಹಿರಿಯರನ್ನು ಹುಡುಕಬೇಕು ಅಂತಿದ್ದರೆ, ನಾನು ನಡೆದ ದಾರಿ ಹೇಳುತ್ತೇನೆ.

ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಹತ್ತಿರ ಹೋಗಿ ಕೂತ್ಕೊಳ್ಳಿ. ತಡ ಮಾಡಬೇಡಿ. ಇಸವಿ ಕೇಳಬೇಡಿ, ಅವರಿಗೆ ಇಸವಿ ನೆನಪಿರುವುದಿಲ್ಲ. ಧಾತು ಈಶ್ವರದ ಬರಕ್ಕೆ ಮುಂಚೆನಾ, ಆಮೇಲಾ? ಪ್ಲೇಗಿಗೆ ಊರು ಬಿಟ್ಟು ಗುಡಿಸಲು ಹಾಕಿದ್ದರಲ್ಲ, ಆಗ ಮನೆಯಲ್ಲಿ ಯಾರಿದ್ದರು? ಯಾರ ಮದುವೆ ಆದ ವರ್ಷ ಅದು? ಹೀಗೆ ಕೇಳಿದರೆ ಮಾತು ಹೊರಡುತ್ತೆ. ಧಾತು, ಈಶ್ವರ ಅಂದರೆ 1876ರಿಂದ 1878ರವರೆಗಿನ ಎರಡು ಸಂವತ್ಸರ. ಬರದ ಹೆಸರಿನಲ್ಲೇ ಕಾಲ ಇದೆ ನೋಡಿ.

ನಮ್ಮ ಸೋದರತ್ತೆಗೆ 88 ವರ್ಷ. ಅವರು ಹೇಳಿದ್ದು ಇಷ್ಟೇ: "ಪ್ಲೇಗಲ್ಲಿ ಹೋದ್ರಂತೆ ಕಣವ್ವ. ನಿಮ್ಮ ತಾತ ಆಗ ಐದಾರು ವರ್ಷದ ಹುಡುಗ." ಅವರು ಅಂದಿದ್ದನ್ನು ಅಂದ ಹಾಗೇ ಬರೆದುಕೊಂಡೆ. ನೀವೂ ಹಾಗೇ ಮಾಡಿ, ತಿದ್ದಬೇಡಿ.

ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ ಅಂತಲೂ ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆತನದ ವಂಶಾವಳಿ ಹೇಳಿ, ಕಾಳು ಕಡ್ಡಿ ಪಡೆದು ಹೋಗುವವರು. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಮನೆ ಅಂತ ಇರುತ್ತೆ. ಮೂಲದಲ್ಲಿ ಯಾವ ಊರಿಂದ ಬಂದಿರಿ, ಯಾವ ಅಣ್ಣತಮ್ಮಂದಿರು ಎಲ್ಲಿ ಚದುರಿದರು ಅನ್ನೋದು ಅವರ ಬಾಯಲ್ಲಿರುತ್ತೆ. ಇದು ಯಾವ ಕಚೇರಿಯಲ್ಲೂ ಸಿಗದ ದಾಖಲೆ. ಅವರು ಬಂದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲೇ ಒಪ್ಪಿಗೆ ಕೇಳಿ.

ಇನ್ನು ಕಲ್ಲು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಜಾಸ್ತಿ ಹಾಳಾಗುವುದು ಇಲ್ಲೇ. ಆಸಿಡ್ ಹಾಕಬೇಡಿ. ತಂತಿ ಬ್ರಷ್ ಬೇಡವೇ ಬೇಡ. ಅಕ್ಷರದ ಮೇಲೆ ಸುಣ್ಣ, ಪೇಂಟು ಬಳಿಯಬೇಡಿ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಪಾಚಿ ಒಂದೇ ದಿನಕ್ಕೆ ಬಿಡದಿದ್ದರೆ ನಾಳೆ ಮತ್ತೆ ಒದ್ದೆ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಿಸುವುದಿಲ್ಲ. ಬೆಳಿಗ್ಗೆ ಏಳರ ಒಳಗೆ ಅಥವಾ ಹೊತ್ತು ಮುಳುಗುವ ಮುಂಚೆ ಹೋಗಿ. ಓರೆ ಬೆಳಕಿಗೆ ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತೆ. ನಾನು ರಾತ್ರಿ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು, ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಹಗಲು ಬೋಳಾಗಿದ್ದ ಜಾಗದಲ್ಲಿ "ಕಾಳಯು" ಅನ್ನೋ ಮೂರು ಅಕ್ಷರ ಎದ್ದು ಬಂತು. ಆಮೇಲೆ "ಆಶ್ವೀಜ ಬ". ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಮ್ಮ ಕಲ್ಲಿಗೆ ಒಂದು ಅನಾಹುತ ಆಗಿತ್ತು. ಹಿಂದೆ ಯಾರೋ ನೆಂಟರು ಭಕ್ತಿಯಿಂದಲೇ ಅಂಕಿಗಳಿಗೆ ಕೆಂಪು ಪೇಂಟು ಹಚ್ಚಿದ್ದರು. ಸವೆದುಹೋಗಿದ್ದ ಕೊನೆಯ ಅಂಕಿಯನ್ನು ಊಹೆ ಮಾಡಿ "ಶಕ ೧೮೪೬" ಅಂತ ಬರೆದಿದ್ದರು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತೆ. ಜನವರಿಯಿಂದ ಯುಗಾದಿವರೆಗಿನ ದಿನವಾದರೆ 79. ಆ ಲೆಕ್ಕಕ್ಕೆ 1924 ಆಯಿತು. ಆದರೆ 1924ರ ಸಂವತ್ಸರ ರಕ್ತಾಕ್ಷಿ. ಕಲ್ಲಿನ ಮೇಲೆ ಇರೋದು ಕಾಳಯುಕ್ತಿ!

ಸಂವತ್ಸರದ ಲೆಕ್ಕ ಕಷ್ಟ ಏನಲ್ಲ. ಅರವತ್ತು ಹೆಸರು, ಅರವತ್ತು ವರ್ಷಕ್ಕೊಮ್ಮೆ ಮತ್ತೆ ಅದೇ. ಪ್ರಭವ ಶುರುವಾಗಿದ್ದು 1867, 1927, 1987ರ ಯುಗಾದಿಗೆ. ಪಂಚಾಂಗದಲ್ಲಿ ಪಟ್ಟಿ ಇರುತ್ತೆ, ಎಣಿಸಿಕೊಳ್ಳಿ. ಕಾಳಯುಕ್ತಿ 52ನೆಯದು. ಹಾಗಾಗಿ 1858 ಅಥವಾ 1918. ಶಕ ಸಾವಿರದ ಎಂಟುನೂರ ನಲವತ್ತರ ಆಸುಪಾಸು ಅಂತ ಉಳಿದ ಅಂಕಿಗಳೇ ಹೇಳುತ್ತಿದ್ದವು. ಅಂದರೆ ೧೮೪೦, 1918. ಅಂಕಿ ಒಂದು ಗೀರಿನಲ್ಲಿ ಬದಲಾಗುತ್ತೆ. ೬ ಮತ್ತು ೭ ಹಳೇ ಕಲ್ಲಿನಲ್ಲಿ ಒಂದೇ ಥರ ಕಾಣುತ್ತವೆ. ಹೆಸರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಎರಡೂ ಇದ್ದರೆ ಸಂವತ್ಸರವನ್ನೇ ನಂಬಿ ಅಂತ ನನ್ನ ಅನುಭವ.

ಕಲ್ಲಿನ ಮೇಲಿನ "ಬ" ಅಂದರೆ ಬಹುಳ, ಕೃಷ್ಣಪಕ್ಷ. ಆ ವರ್ಷ ಆಶ್ವೀಜ ಬಹುಳ ಬಿದ್ದಿದ್ದು ಅಕ್ಟೋಬರ್ ಕೊನೆಯ ಹೊತ್ತಿಗೆ. ಇನ್‌ಫ್ಲುಯೆಂಜಾ ದೇಶವನ್ನೆಲ್ಲ ಹೊಡೆದ ತಿಂಗಳು. ಭಾರತದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಅತ್ತೆ ಪ್ಲೇಗು ಅಂದಿದ್ದು ಸುಳ್ಳಲ್ಲ, ಊರಿಗೆ ಊರೇ ಸಾಯುವ ಕಾಯಿಲೆಗೆಲ್ಲ ನಮ್ಮ ಕಡೆ ಅದೇ ಹೆಸರು ಉಳಿದುಬಿಟ್ಟಿದೆ. ಹಾಗಂತ ನಾನು ವಂಶವೃಕ್ಷದಲ್ಲಿ "ಇನ್‌ಫ್ಲುಯೆಂಜಾ" ಅಂತ ಬರೆಯಲಿಲ್ಲ. "ಇರಬಹುದು" ಅಂತ ಸೇರಿಸಿದೆ. ಆ ಪದವನ್ನು ದಯವಿಟ್ಟು ಬಿಡಬೇಡಿ. ನಿಮ್ಮ ನಂತರ ಓದುವವರಿಗೆ ಯಾವುದು ಸಿಕ್ಕಿದ್ದು, ಯಾವುದು ಊಹೆ ಅಂತ ಗೊತ್ತಾಗಬೇಕಲ್ವಾ?

ಊರಲ್ಲಿ ವೀರಗಲ್ಲು, ಮಾಸ್ತಿಕಲ್ಲು ಇದ್ದರೆ "ಇದು ನಮ್ಮ ಮನೆತನದ್ದೇ" ಅನ್ನೋರು ಇರುತ್ತಾರೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳನ್ನು ಜಿಲ್ಲೆ, ತಾಲ್ಲೂಕು, ಊರಿನ ಪ್ರಕಾರ ಕೊಟ್ಟಿದ್ದಾರೆ. ತುಮಕೂರು ಜಿಲ್ಲೆಯದು 12ನೇ ಸಂಪುಟ. ಅಲ್ಲಿ ನೋಡಿ. ಮಧ್ಯದ ಹತ್ತಾರು ತಲೆಮಾರು ಗೊತ್ತಿಲ್ಲದೆ ಎಂಟುನೂರು ವರ್ಷದ ವೀರನನ್ನು ನಿಮ್ಮ ತಾತನಿಗೆ ಜೋಡಿಸಬೇಡಿ.

ಹೂಳುವ ಪದ್ಧತಿ ಇಲ್ಲದ ಮನೆಗಳಿಗೆ ಕಲ್ಲು ಸಿಗೋದಿಲ್ಲ. ಅಂಥವರು ಗಯಾ, ಹರಿದ್ವಾರಕ್ಕೆ ಹೋಗಿದ್ದರೆ ಅಲ್ಲಿನ ಪಂಡರ, ಅಂದರೆ ಕ್ಷೇತ್ರದ ಪುರೋಹಿತರ, ವಹಿಗಳಲ್ಲಿ ಹೆಸರು ಇರಬಹುದು. ಕ್ರೈಸ್ತ ಮನೆತನಕ್ಕೆ ಚರ್ಚಿನ ಜ್ಞಾನಸ್ನಾನದ ಪುಸ್ತಕವೇ ದೊಡ್ಡ ಆಸ್ತಿ, ಅದರಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರುತ್ತೆ. ಸರ್ಕಾರಿ ನೌಕರಿಯಲ್ಲಿದ್ದವರನ್ನು ಹುಡುಕಲು ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಿ.

ಕಾಗದಕ್ಕೆ ಬರೋಣ. ಇವತ್ತಿನ ಪಹಣಿಯಿಂದ ಶುರು ಮಾಡಿ ಹಿಂದಕ್ಕೆ ನಡೆಯಿರಿ. ಹಕ್ಕು ಹೇಗೆ ಬಂತು ಅನ್ನೋ ಕಡೆ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಇರುತ್ತೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಕೊಡಿ. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ ಕೇಳಿ. "ಪೌತಿ" ಅಂತ ಕಂಡರೆ ಹಿಂದಿನ ಖಾತೆದಾರರು ತೀರಿಕೊಂಡರು ಅಂತ ಅರ್ಥ. ಹೆಸರನ್ನು ಒಂದೇ ಥರ ಹುಡುಕಬೇಡಿ. ಸಿದ್ದಪ್ಪ, ಸಿದ್ರಪ್ಪ, "ಉರುಫ್ ದೊಡ್ಡಣ್ಣ", ಮೂವರೂ ಒಬ್ಬರೇ ಇರಬಹುದು. ಗೇಣಿದಾರರ ಮನೆತನವಾದರೆ ಹಳೇ ಪಹಣಿಯಲ್ಲಿ ಹೆಸರು ಸಿಗೋದು ಕಷ್ಟ. 1974ರ ಭೂಸುಧಾರಣೆಯಲ್ಲಿ ಸಲ್ಲಿಸಿದ ಫಾರಂ ನಂಬರ್ 7 ಮತ್ತು ಭೂ ನ್ಯಾಯ ಮಂಡಳಿಯ ಕಡತ ಕೇಳಿ. ಹಳೇ ಜನನ ಮರಣ ಪುಸ್ತಕವನ್ನೂ ಕೇಳಿ, ಆದರೆ ಕಾರಣದ ಕಡೆ ಬರೀ "ಜ್ವರ" ಅಂತಿರುವುದೇ ಜಾಸ್ತಿ.

ನನಗೆ ನಿಧಿ ಸಿಕ್ಕಿದ್ದು ಕಚೇರಿಯಲ್ಲಲ್ಲ, ದಾಯಾದಿಗಳ ಮನೆಯ ಅಟ್ಟದ ಟ್ರಂಕಿನಲ್ಲಿ. 1923ರ ಒಂದು ಅಡಮಾನ ಪತ್ರ. ಇಂಥ ಪತ್ರ ಸಿಕ್ಕರೆ ಒಂದಕ್ಷರ ಬಿಡದೆ ಓದಿ. ಚಕ್ಕುಬಂದಿಯಲ್ಲಿ ಅಕ್ಕಪಕ್ಕದ ಹೊಲದವರ ಹೆಸರಿರುತ್ತೆ, ಅವರಲ್ಲಿ ಒಬ್ಬಿಬ್ಬರು ನಿಮ್ಮ ಅಣ್ಣತಮ್ಮಂದಿರೇ ಆಗಿರಬಹುದು. ಕೊನೆಗೆ ಸಾಕ್ಷಿಗಳು, ಬಿಕ್ಕಲಂ (ಪತ್ರ ಬರೆದವರ ರುಜು) ಹಾಕಿದ ಬರಹಗಾರ. ನಮ್ಮ ಪತ್ರದಲ್ಲಿ ಬರೆದುಕೊಟ್ಟವರು ಮುತ್ತಾತ ಅಲ್ಲ, ಅವರ ಹೆಂಡತಿ. "ಮೈನರ್ ಮಗನ ತಾಯಿ ಮತ್ತು ಗಾರ್ಡಿಯನ್" ಅಂತ. ಗಂಡ 1924ರಲ್ಲಿ ಸತ್ತಿದ್ದರೆ 1923ರಲ್ಲಿ ಆಕೆ ಹೀಗೆ ಬರೆದುಕೊಡುತ್ತಿರಲಿಲ್ಲ. ಪೇಂಟಿನ ಅಂಕಿ ತಪ್ಪು ಅಂತ ಅಲ್ಲಿಗೆ ಖಾತ್ರಿಯಾಯಿತು.

ಆಕೆಗೆ ನಮ್ಮ ತೋಟದಲ್ಲಿ ಕಲ್ಲಿಲ್ಲ. ಹೆಸರೂ ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ "ದೊಡ್ಡವ್ವ" ಅಂತಲೇ ಕರೆದವರು. ಪತ್ರದಲ್ಲಿ ಪೂರ್ತಿ ಹೆಸರಿತ್ತು. ಅದರ ಪಕ್ಕ ಎಡಗೈ ಹೆಬ್ಬೆಟ್ಟಿನ ಗುರುತು. ಮಸಿ ಸ್ವಲ್ಪ ಹರಡಿತ್ತು.

ಅತ್ತೆಯ ಹತ್ತಿರ ಹೋಗಿ ಹೆಸರು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಅದು ನನ್ನ ಹೆಸರಲ್ವಾ? ಮದುವೆ ಕಾಗದದಲ್ಲಿ ಬರೆಸಿದ್ದು ಅದನ್ನೇ. ನಮ್ಮವ್ವ ಯಾವತ್ತೂ ಆ ಹೆಸರಿಡಿದು ಕರೀಲಿಲ್ಲ, ಪುಟ್ಟಿ ಅಂತಿದ್ಲು" ಅಂದರು. ಸೊಸೆಯಾದವಳು ಗಂಡನ ತಾಯಿಯ ಹೆಸರು ಹೇಳುವ ಹಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಯಾರಿಗಾದರೂ ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇದ್ದರೆ, ಯಾಕೆ ಅಂತ ಕೇಳಿ.