ಪೈಲಟ್ ಜಾಕೆಟ್: ತೊಡುವುದು ಮೂರು ತಿಂಗಳು, ಕಾಯುವುದು ಒಂಬತ್ತು ತಿಂಗಳು

ಉಣ್ಣೆ ಒಳಗೆ, ಚರ್ಮ ಹೊರಗೆ. ಅಗಲವಾದ ಕಾಲರ್, ಸೊಂಟಕ್ಕೇ ನಿಲ್ಲುವ ಉದ್ದ, ದಪ್ಪ ಹಿತ್ತಾಳೆ ಜಿಪ್. ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ವಿಮಾನದ ಪಕ್ಕ ನಿಂತವರ ಮೈಮೇಲೆ ಈ ಕುರಿಚರ್ಮದ ಜಾಕೆಟ್ ನೋಡಿರುತ್ತೀರಿ. ಅದೇ ನಮೂನೆಯಲ್ಲಿ ಹೊಸದಾಗಿ ಹೊಲಿದವು ಈಗ ಮಾರಾಟಕ್ಕಿವೆ. ಕಾಫಿ ಕೊಯ್ಲಿನ ದಿನಗಳ ಚಳಿಗೆ ಇಂಥದ್ದೊಂದು ಇರಲಿ ಎಂದು ಕೊಡಗಿನವರಿಗೆ ಆಸೆಯಾಗುವುದು ಸಹಜ. ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ಇದು ಒಣ ಚಳಿಗೆಂದು ಹುಟ್ಟಿದ ಉಡುಪು, ನಮ್ಮದು ಒದ್ದೆ ನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಎಲ್ಲಿ, ಹೇಗೆ ಇಡುತ್ತೇವೆ ಎಂದು ಮೊದಲೇ ಯೋಚಿಸಿದವರ ಜಾಕೆಟ್ ಮಾತ್ರ ಇಲ್ಲಿ ಬಾಳುತ್ತದೆ.

ಮೊದಲು, ಯಾವುದು ಬೇಕೆಂದು ತಿಳಿಯಿರಿ

ಮುಖ್ಯವಾಗಿ ಎರಡು ನಮೂನೆಗಳಿವೆ. ಒಂದು ಬ್ರಿಟಿಷರ ಇರ್ವಿನ್. ಅಮೆರಿಕದ ಲೆಸ್ಲಿ ಇರ್ವಿನ್ ಮೂಲತಃ ಪ್ಯಾರಾಚೂಟ್‌ನವರು. ಆಕಾಶದಿಂದ ಬೀಳುತ್ತಿರುವ ಮನುಷ್ಯನಿಗೆ ಎಚ್ಚರವೇ ಇರುವುದಿಲ್ಲ ಎಂದು ಅನೇಕರು ನಂಬಿದ್ದ ಕಾಲದಲ್ಲಿ, 1919ರ ಏಪ್ರಿಲ್‌ನಲ್ಲಿ ಅವರು ವಿಮಾನದಿಂದ ಧುಮುಕಿ, ಬೀಳುತ್ತಲೇ ತಮ್ಮ ಕೈಯಾರೆ ಹಗ್ಗ ಎಳೆದು ಪ್ಯಾರಾಚೂಟ್ ಬಿಚ್ಚಿದರು. ಮುಂದೆ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ಕಾರ್ಖಾನೆ ತೆರೆದರು. 1930ರ ದಶಕದ ಆರಂಭದಿಂದ ಅವರ ಜಾಕೆಟ್ ಬ್ರಿಟಿಷ್ ವಾಯುಪಡೆಗೆ ಹೋಗತೊಡಗಿತು. ಮುಂಗೈಯಿಂದ ಮೊಣಕೈ ಕಡೆಗೆ ಏರುವ ಜಿಪ್, ಸೊಂಟಕ್ಕೆ ಬೆಲ್ಟ್ ಅದರ ಗುರುತು. ಮೂಲ ಇರ್ವಿನ್‌ಗೆ ಜೇಬೇ ಇರಲಿಲ್ಲ. ಜೇಬಿಲ್ಲದ ಜಾಕೆಟ್ ಬಂದರೆ ಮೋಸವಾಯಿತು ಅಂದುಕೊಳ್ಳಬೇಡಿ.

ಇನ್ನೊಂದು ಅಮೆರಿಕನ್ನರ ಬಿ-3, 1934ರದ್ದು. ಕಾಲರ್ ಎತ್ತಿ ಕಟ್ಟಲು ಎರಡು ಚರ್ಮದ ಪಟ್ಟಿ, ಹೊಲಿಗೆಗಳ ಮೇಲೆ ಚರ್ಮದ ಪಟ್ಟೆ ಇದ್ದರೆ ಅದು ಬಿ-3.

ಇಷ್ಟು ದಪ್ಪ ಯಾಕೆಂದರೆ ಆಗಿನ ಬಾಂಬರ್ ವಿಮಾನಗಳೊಳಗೆ ಸರಿಯಾದ ಬಿಸಿಯ ವ್ಯವಸ್ಥೆ ಇರಲಿಲ್ಲ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. 25,000 ಅಡಿಯಲ್ಲಿ ಸೊನ್ನೆಗಿಂತ ಸುಮಾರು 35 ಡಿಗ್ರಿ ಕೆಳಗೆ! ಜನವರಿಯ ಮಡಿಕೇರಿ ಎಷ್ಟೇ ನಡುಗಿಸಲಿ, ಅದರ ಹತ್ತಿರಕ್ಕೂ ಬರುವುದಿಲ್ಲ. ಇದು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಅಳತೆ ತೆಗೆಯುವಾಗ

ಹೆಚ್ಚಿನವರ ದುಡ್ಡು ಹಾಳಾಗುವುದು ಇಲ್ಲೇ. ಅಂಗಡಿಯವರು ಕೊಡುವ ಎದೆಯಳತೆ ಸಾಮಾನ್ಯವಾಗಿ ಹೊರಗಿನದು. ಒಳಗಿನ ಉಣ್ಣೆ, ಚರ್ಮ ಸೇರಿ ಒಂದೂವರೆ ಸೆಂಟಿಮೀಟರ್ ದಪ್ಪವಿದೆ ಅನ್ನಿ. ಆಗ ಒಳಸುತ್ತಳತೆ ಹೊರಗಿನದಕ್ಕಿಂತ ಒಂಬತ್ತು ಸೆಂಟಿಮೀಟರಿಗೂ ಹೆಚ್ಚು ಕಡಿಮೆಯಾಗುತ್ತದೆ. ನಿಮ್ಮ ಡೆನಿಮ್ ಜಾಕೆಟ್ ಹಾಸಿ ಅಳೆದು, ಅದೇ ಅಳತೆಯ ಕುರಿಚರ್ಮ ತರಿಸಿದರೆ ಜಿಪ್ ಎದೆಯ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ 'ಎಷ್ಟು ಎದೆಯಳತೆಯವರಿಗೆ ಈ ಸೈಜ್' ಎಂದೇ ಕೇಳಿ, ಬರೆಸಿಕೊಳ್ಳಿ.

ಹಾಗೆಂದು ಎರಡು ಸೈಜ್ ಮೇಲಕ್ಕೂ ಹೋಗಬೇಡಿ. ಆಗಿನವರು ಇದನ್ನು ಯೂನಿಫಾರ್ಮ್, ಸ್ವೆಟರ್ ಎಲ್ಲದರ ಮೇಲೆ ಹಾಕುತ್ತಿದ್ದರು. ನಮಗೆ ಕೊಡಗಿನಲ್ಲಿ ಒಂದು ಕಾಟನ್ ಶರ್ಟ್ ಸಾಕು. ಶರ್ಟ್ ಮೇಲೆ ಹಾಕಿ, ಜಿಪ್ ಎಳೆದು, ಕುರ್ಚಿಯ ಮೇಲೆ ಕೂತು, ಎರಡೂ ಕೈ ಜೀಪಿನ ಸ್ಟೀರಿಂಗ್ ಹಿಡಿದಂತೆ ಮುಂದೆ ಚಾಚಿ. ಬೆನ್ನು ಬಿಗಿಯದೆ, ಮಣಿಕಟ್ಟು ಪೂರ್ತಿ ಹೊರಗೆ ಬಾರದೆ ಇದ್ದರೆ ಅಳತೆ ಸರಿ. ಹೊಸ ಉಣ್ಣೆ ಬಳಸಿದಂತೆ ಸ್ವಲ್ಪ ಅಮರುತ್ತದೆ, ಮೊದಲ ದಿನದ ತುಸು ಬಿಗಿತಕ್ಕೆ ಹೆದರಬೇಕಿಲ್ಲ. ನಿಂತಾಗ ಶರ್ಟಿನ ಅಂಚು ಕೆಳಗೆ ಕಾಣುವುದೂ ಸರಿಯೇ. ಇದು ಕೂತವರಿಗಾಗಿ ಕತ್ತರಿಸಿದ ಜಾಕೆಟ್.

ಅಸಲಿಯೋ ನಕಲಿಯೋ

ಬೆರಳಿನಿಂದ ಉಣ್ಣೆಯನ್ನು ಬೈತಲೆ ತೆಗೆದಂತೆ ಎರಡು ಬದಿಗೆ ಸರಿಸಿ ಬುಡ ನೋಡಿ. ಅಸಲಿಯಾದರೆ ಕೂದಲು ಚರ್ಮದಿಂದಲೇ ಎದ್ದಿರುತ್ತದೆ. ಬುಡದಲ್ಲಿ ಬಟ್ಟೆಯ ಹೆಣಿಗೆ ಕಂಡರೆ ಅದು ಕೃತಕ. ಉದುರಿದ ಒಂದೆರಡು ಎಳೆಗೆ ಬೆಂಕಿಕಡ್ಡಿ ತಾಗಿಸಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಂಗ್ಲೆಂಡಿನ ಈಸ್ಟ್‌ಮನ್, ಸ್ಕಾಟ್ಲೆಂಡಿನ ಏರೊ ಲೆದರ್, ಜಪಾನಿನ ರಿಯಲ್ ಮೆಕಾಯ್ಸ್, ಬಜ್ ರಿಕ್ಸನ್ಸ್ ಯುದ್ಧಕಾಲದ ಉಡುಪಿನ ಮರುಸೃಷ್ಟಿಗೆ ಹೆಸರಾದವರು. ಅಂಥವರ ಕುರಿಚರ್ಮದ ಜಾಕೆಟ್‌ಗೆ ಲಕ್ಷದ ಲೆಕ್ಕದಲ್ಲೇ ಹಣ ತೆಗೆದಿಡಬೇಕು, ಕಸ್ಟಮ್ಸ್ ಸುಂಕ ಬೇರೆ. ಕೆಲವು ಸಾವಿರಕ್ಕೆ ಆನ್‌ಲೈನಿನಲ್ಲಿ ಸಿಗುವುದು ಬಹುಪಾಲು ಕೃತಕ. ಕೃತಕ ಹಾಕುವುದರಲ್ಲಿ ನಾಚಿಕೆಯೇನಿಲ್ಲ. ಕುರಿಚರ್ಮದ ಬೆಲೆ ಮಾತ್ರ ಕೊಡಬೇಡಿ.

ಯಾವಾಗ ತೊಡಬೇಕು

ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದ ಮೇಲೆ ಫೆಬ್ರುವರಿವರೆಗೆ, ಬೆಳಿಗ್ಗೆ ಎಂಟರೊಳಗೆ, ಸಂಜೆ ಕತ್ತಲಾದ ಮೇಲೆ. ಇದು ಕೂತವರ ಉಡುಪು ಎಂದೆನಲ್ಲ, ಅದಕ್ಕೇ ತೆರೆದ ಜೀಪಿನಲ್ಲಿ ಮಾಂದಲ್‌ಪಟ್ಟಿಗೆ ಹೋಗುವಾಗ, ರಾತ್ರಿ ಕಣದಲ್ಲಿ ಕಾಫಿ ಕಾಯುವಾಗ ಇದಕ್ಕೆ ಸಾಟಿಯಿಲ್ಲ. ಗಾಳಿಯನ್ನು ಚರ್ಮ ತಡೆಯುತ್ತದೆ, ಮೈಯ ಬಿಸಿಯನ್ನು ಉಣ್ಣೆಯೊಳಗಿನ ಗಾಳಿ ಹಿಡಿದಿಡುತ್ತದೆ. ಆದರೆ ಇದನ್ನು ತೊಟ್ಟು ತಡಿಯಂಡಮೋಳ್ ಹತ್ತಲು ಹೊರಟರೆ ಹತ್ತೇ ನಿಮಿಷಕ್ಕೆ ಬೆವರು ಉಣ್ಣೆಗಿಳಿಯುತ್ತದೆ. ಆ ಬೆವರೇ ಮಳೆಗಾಲದಲ್ಲಿ ಬೂಷ್ಟಿಗೆ ಊಟ. ನಡೆಯಲು ಶುರು ಮಾಡುವ ಮೊದಲು ಕಳಚಿ. ತೋಟದೊಳಗೂ ಬೇಡ, ಒಂದು ಮುಳ್ಳು ಸಾಕು ಮೇಲಿನ ಬಣ್ಣದ ಪದರ ಗೀರಿಹೋಗಲು. ಬೈಕಿನಲ್ಲಿ ಚೆನ್ನಾಗಿರುತ್ತದೆ ನಿಜ, ಆದರೆ ಬಿದ್ದಾಗ ಕಾಪಾಡುವ ರೈಡಿಂಗ್ ಜಾಕೆಟ್ ಇದಲ್ಲ. ಕಾಲರ್ ಎತ್ತಿದರೆ ಹೆಲ್ಮೆಟ್ ತಿರುಗಿಸಲು ಕಷ್ಟವಾಗುತ್ತದೆ, ಮಡಚಿಯೇ ಇರಲಿ.

ಒಂದು ಮಾತು ಮನಸ್ಸಿನಿಂದ ಹೇಳಬೇಕು. ಮಾರುವವರು ಜಾಕೆಟ್ ಜೊತೆ ಸ್ಕ್ವಾಡ್ರನ್ ಬ್ಯಾಡ್ಜ್, ಪೈಲಟ್ ರೆಕ್ಕೆಗಳನ್ನೂ ಕೊಡುತ್ತಾರೆ. ದಯವಿಟ್ಟು ಹೊಲಿಸಬೇಡಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಜಿಲ್ಲೆ ಇದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಅತ್ಯಾಧುನಿಕ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಕೆಡವಿದರು, ತಾವು ಹಿಂದಿರುಗಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಸೇನೆಯಲ್ಲಿ ದುಡಿದವರು ಮನೆಮನೆಯಲ್ಲೂ ಇರುವ ಕಡೆ, ಗಳಿಸದ ರೆಕ್ಕೆಯನ್ನು ಎದೆಗೆ ಅಂಟಿಸಿಕೊಂಡು ಓಡಾಡುವುದು ಚೆಂದವಲ್ಲ. ಬರಿಯ ಕಂದು ಚರ್ಮವೇ ಸಾಕಷ್ಟು ಸುಂದರವಾಗಿದೆ.

ಮಂಜು, ಮಳೆ ತಾಗಿದರೆ

ಮಂಜಿನ ಹನಿ ಕೂತರೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿದರೆ ಆಯಿತು. ಪೂರ್ತಿ ನೆಂದರೆ ನಮ್ಮ ಕೈ ತಾನಾಗಿ ಅಗ್ಗಿಷ್ಟಿಕೆ ಕಡೆಗೆ ಹೋಗುತ್ತದೆ. ಬೇಡ! ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದು ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೇರ್ ಡ್ರೈಯರ್, ಒಲೆಯ ಮೇಲಿನ ಅಟ್ಟ, ಮಧ್ಯಾಹ್ನದ ಬಿಸಿಲು ಯಾವುದೂ ಬೇಡ. ಜಿಪ್ ಬಿಚ್ಚಿ, ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ನೆರಳಲ್ಲಿ ಫ್ಯಾನ್ ತಿರುಗಿಸಿ. ಎರಡು ಮೂರು ದಿನ ಹಿಡಿದರೂ ಹಿಡಿಯಲಿ.

ಮಳೆಗಾಲದ ಕಾವಲು

ಗಾಳಿಯ ತೇವ ಶೇ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯಲು ಶುರು. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ನಮ್ಮ ಮನೆಗಳೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ಮೇ ಮೊದಲ ವಾರದಲ್ಲೇ, ಬಿಸಿಲು ಇರುವಾಗಲೇ ಕೆಲಸ ಮುಗಿಸಿ. ಕಾಲರ್, ತೋಳಿನ ಅಂಚಿನ ಜಿಡ್ಡನ್ನು ಅರೆಒದ್ದೆ ಬಟ್ಟೆಯಲ್ಲಿ ಒರೆಸಿ. ಉಣ್ಣೆಯನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಧೂಳು ಕೊಡವಿ. ಒಂದು ದಿನ ನೆರಳಲ್ಲಿ ಗಾಳಿಗೆ ಬಿಡಿ. ಚಪ್ಪಲಿಗೆ ಹಚ್ಚುವಂತೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ, ಇದಕ್ಕೆ ಹಚ್ಚಲೇಬಾರದು. ಎಣ್ಣೆ ಬೂಷ್ಟನ್ನು ಕರೆದು ಕೂರಿಸುತ್ತದೆ.

ಇಡುವುದಕ್ಕೆ ಹೊರಗೋಡೆಗೆ ಒತ್ತಿಕೊಂಡಿರುವ ಬೀರು ಬೇಡ, ಆ ಗೋಡೆ ಮಳೆಗಾಲವಿಡೀ ತೇವ ಹೀರುತ್ತದೆ. ಒಳಕೋಣೆಯ ಬೀರುವಿನಲ್ಲಿ, ಪಕ್ಕದ ಬಟ್ಟೆಗಳಿಗೆ ತಾಗದಂತೆ ತೂಗುಹಾಕಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಕೂಡಿಹಾಕುತ್ತದೆ, ಹಳೆಯ ಕಾಟನ್ ಬೆಡ್‌ಶೀಟಿನಿಂದ ಮುಚ್ಚಿ. ತೇವ ಹೀರಿದಂತೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಡಬ್ಬಿ ಕೆಳಗಿಡಿ, ಬಣ್ಣ ತಿರುಗಿದಾಗ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್ ಇದ್ದರೆ ಅದರ ಕೋಣೆಯೇ ಒಳ್ಳೆಯದು, ಶೇ 50-55ರಲ್ಲಿ ಇಡಿ. ಅದಕ್ಕಿಂತ ತೀರಾ ಒಣಗಿಸಿದರೆ ಚರ್ಮ ಬಿರುಸಾಗುತ್ತದೆ.

ವಾರಕ್ಕೊಮ್ಮೆ ತೆಗೆದು ನೋಡಿ. ಸುಮ್ಮನೆ ಕಣ್ಣಾಡಿಸಿದರೆ ಕಾಣದು. ನನ್ನ ಜಾಕೆಟ್ಟಿನಲ್ಲಿ ಬೂಷ್ಟು ಮೊದಲು ಹಿಡಿಯುವ ಜಾಗ ಕಾಲರ್ ಪಟ್ಟಿಯ ಅಡಿ, ಬಕಲ್ ಒತ್ತಿಕೊಂಡಿರುವ ಕಡೆ. ಅಲ್ಲಿ ಹೊಲಿಗೆಯ ಒಂದೊಂದು ತೂತಿನ ಸುತ್ತಲೂ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಕಾಣುತ್ತದೆ. ಆ ಹಂತದಲ್ಲೇ ಹಿಡಿದರೆ ಕೆಲಸ ಚಿಕ್ಕದು. ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ ಜಗಲಿಯಲ್ಲಿ ಮೆತ್ತನೆ ಬ್ರಷ್‌ನಿಂದ ಒಣಗಾಗಿಯೇ ಉದುರಿಸಿ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮನಾಗಿ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಚರ್ಮದ ಮೇಲೆ ಒಮ್ಮೆ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಲೇಬೇಕು, ಕೆಲವು ಜಾಕೆಟ್‌ಗಳ ಮೇಲ್ಬಣ್ಣ ಆಲ್ಕೊಹಾಲಿಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಫ್ಯಾನ್ ಕೆಳಗೆ.

ಉಣ್ಣೆಗೆ ಇನ್ನೊಂದು ಶತ್ರು ನುಸಿ. ಅದರ ಮರಿಹುಳು ಕತ್ತಲಲ್ಲಿ, ಯಾರೂ ಮುಟ್ಟದ ಕಡೆ ತಿನ್ನುತ್ತದೆ, ವಾರಕ್ಕೊಮ್ಮೆ ಬಾಚುವುದೇ ಅರ್ಧ ಮದ್ದು. ನುಸಿಗುಳಿಗೆಯ ವಾಸನೆ ಉಣ್ಣೆಗೆ ಹತ್ತಿದರೆ ತಿಂಗಳುಗಟ್ಟಲೆ ಹೋಗುವುದಿಲ್ಲ, ನಾನಂತೂ ಇಡುವುದಿಲ್ಲ. ಹುಳು ಬಿದ್ದದ್ದು ಖಾತ್ರಿಯಾದರೆ ಡೀಪ್ ಫ್ರೀಜರ್ ಇದ್ದವರಿಗೆ ದಾರಿಯಿದೆ. ಪೂರ್ತಿ ಒಣಗಿದ ಜಾಕೆಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಕೋಣೆಯ ತೇವವೆಲ್ಲ ನೀರಾಗಿ ಉಣ್ಣೆಯ ಮೇಲೆಯೇ ಕೂರುತ್ತದೆ.

ರಿಪೇರಿ

ಜಿಪ್ ಬಿಗಿಯಾದರೆ ಮೇಣದಬತ್ತಿ ಉಜ್ಜಿ, ಉಣ್ಣೆ ಹಲ್ಲಿಗೆ ಸಿಕ್ಕದಂತೆ ಬೆರಳಿನಿಂದ ಒತ್ತಿ ಹಿಡಿದು ಎಳೆಯಿರಿ. ಹೊಲಿಗೆ ಬಿಟ್ಟರೆ ಸಾಮಾನ್ಯ ಟೈಲರಿಗೆ ಕೊಡಬೇಡಿ. ಬಟ್ಟೆ ಹೊಲಿಯುವ ಮಷೀನು ಈ ದಪ್ಪ ಎಳೆಯುವುದಿಲ್ಲ, ಹಳೆಯ ತೂತುಗಳ ಪಕ್ಕ ಹೊಸ ತೂತು ಬಿದ್ದರೆ ಚರ್ಮ ಅದೇ ಗೆರೆಯಲ್ಲಿ ಹರಿಯುತ್ತದೆ. ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಕೈಯಲ್ಲಿ ಹೊಲಿಯಬಲ್ಲ ಚರ್ಮದ ಕೆಲಸದವರನ್ನು ಹುಡುಕಿ. ಇಲ್ಲಿ ಸಿಗದಿದ್ದರೆ ಮೈಸೂರಿಗೋ ಬೆಂಗಳೂರಿಗೋ ಹೋದಾಗ ಕೊಡಿ. ಮಳೆ ಹಿಡಿಯುವ ಮೊದಲೇ ಅದು ಮನೆಗೆ ವಾಪಸ್ ಬಂದಿರಲಿ.